ಪೈಲಟ್ ಟ್ರ್ಯಾಕ್ ಅಂದುಕೊಂಡು ಬಿಡಬೇಡಿ

ನಿಮ್ಮ ಪತ್ರ ಓದಿದೆ. ಗಾಂಧಿನಗರದ ಎರಡು ಸಿನಿಮಾಕ್ಕೆ ಅಸಿಸ್ಟೆಂಟ್ ಎಡಿಟರ್ ಆಗಿದ್ದೀರಿ, ಒಂದಷ್ಟು ಜಾಹೀರಾತು ಸ್ವಂತವಾಗಿ ಕಟ್ ಮಾಡಿದ್ದೀರಿ. ಟೊರಾಂಟೊದ ಕಾಲೇಜೊಂದರಲ್ಲಿ ಪೋಸ್ಟ್ ಪ್ರೊಡಕ್ಷನ್ ಡಿಪ್ಲೊಮಾಗೆ ಸೀಟು ಸಿಕ್ಕಿದೆ. ಜನವರಿಗೆ ಹೊರಡಬೇಕು. ಯಾವ ಸಾಫ್ಟ್‌ವೇರ್ ಕಲಿತು ಬರಲಿ, ಎಡಿಟರ್ ಆಗಲು ಎಷ್ಟು ವರ್ಷ ಬೇಕು, ಚಳಿ ಹೇಗೆ, ರೂಮು ಹೇಗೆ ಅಂತ ಕೇಳಿದ್ದೀರಿ.

ಚಳಿ ಇದೆ. ರೂಮು ಸಿಗುತ್ತದೆ, ದುಬಾರಿ. ಇವೆರಡನ್ನು ಕಳೆದ ವರ್ಷ ಬಂದ ಹುಡುಗರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸಾಫ್ಟ್‌ವೇರ್ ವಿಷಯಕ್ಕೆ ನನ್ನದೇ ಕಥೆ ಸಾಕು. ನಾನೂ ಜನವರಿಯಲ್ಲೇ ಬಂದವನು, 2011ರಲ್ಲಿ. ನನ್ನ ಕೆಲಸವೆಲ್ಲ ಒಂದು ಹಾರ್ಡ್‌ಡಿಸ್ಕಿನಲ್ಲಿತ್ತು. ಅದನ್ನು ಅಮ್ಮನ ಶಾಲಿನಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಳಗಿದ್ದದ್ದೆಲ್ಲ ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟುಗಳು. ಅದೇ ಜೂನ್‌ನಲ್ಲಿ ಫೈನಲ್ ಕಟ್ ಪ್ರೊ ಎಕ್ಸ್ ಬಂತು, ಹಳೆಯದರ ಮಾರಾಟ ನಿಂತಿತು. ಹಳೆಯ ಪ್ರಾಜೆಕ್ಟುಗಳು ಹೊಸದರಲ್ಲಿ ತೆರೆಯಲೇ ಇಲ್ಲ. ನಾನು ಊರಲ್ಲಿ ಪರಿಣತ ಅನ್ನಿಸಿಕೊಂಡಿದ್ದ ವಿದ್ಯೆ ಆರು ತಿಂಗಳಲ್ಲಿ ಹಳತಾಯಿತು. ಇಲ್ಲಿ ಧಾರಾವಾಹಿ, ಸಿನಿಮಾ ಅಂದರೆ ಜಾಸ್ತಿ ಅವಿಡ್ ಮೀಡಿಯಾ ಕಂಪೋಸರ್. ಜಾಹೀರಾತು, ಕಾರ್ಪೊರೇಟ್ ವಿಡಿಯೊ ಅಂದರೆ ಪ್ರೀಮಿಯರ್. ಡಾವಿಂಚಿ ರಿಸಾಲ್ವ್ ಉಚಿತವಾಗಿ ಸಿಗುತ್ತದೆ, ಅದೂ ಕೈಯಲ್ಲಿರಲಿ. ಅವಿಡ್ ಬಾರದೆ ಅಸಿಸ್ಟೆಂಟ್ ಕೆಲಸ ಕೇಳುವುದು ಕಷ್ಟ, ಅಷ್ಟೇ.

ಇದಕ್ಕಿಂತ ಮೊದಲು ಹೇಳಬೇಕಿದ್ದ ಮಾತೊಂದಿದೆ. ಫೀಸು ಕಟ್ಟಿಬಿಟ್ಟಿಲ್ಲ ತಾನೆ? 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕುವವರಿಗೆ ನಿಯಮ ಬದಲಾಗಿದೆ. ಕಾಲೇಜು ಡಿಪ್ಲೊಮಾ ಮುಗಿಸಿದ ಮೇಲೆ ವರ್ಕ್ ಪರ್ಮಿಟ್ ಬೇಕಾದರೆ ಓದಿದ ವಿಷಯ ಸರಕಾರದ ಪಟ್ಟಿಯಲ್ಲಿರಬೇಕು. ಆರೋಗ್ಯ, ಕೃಷಿ, ವಿಜ್ಞಾನ, ಸಾರಿಗೆ, ಕೈಕಸುಬು, ಇಂಥವಕ್ಕೆ ಆ ಪಟ್ಟಿ. ನಮ್ಮ ಕೆಲಸದ ಕೋರ್ಸುಗಳು ಸಾಮಾನ್ಯವಾಗಿ ಅದರಾಚೆ ಬೀಳುತ್ತವೆ. ಬ್ಯಾಚುಲರ್, ಮಾಸ್ಟರ್ಸ್ ಪದವಿಗೆ ಈ ವಿಷಯದ ಕಟ್ಟುಪಾಡಿಲ್ಲ. ಪ್ರತಿ ಕೋರ್ಸಿಗೂ ಅದು ಯಾವ ವಿಷಯದ್ದು ಅಂತ ಹೇಳುವ, ಸಿಐಪಿ ಕೋಡ್ ಅನ್ನುವ ಒಂದು ಸಂಖ್ಯೆ ಇರುತ್ತದೆ. ಕಾಲೇಜಿಗೆ ಬರೆದು ಅದನ್ನು ಕೇಳಿ. ಏಜೆಂಟನ್ನು ಕೇಳಬೇಡಿ, ಅವನಿಗೆ ನೀವು ವಿಮಾನ ಹತ್ತಿದರೆ ಸಾಕು. ನನ್ನ ಕಾಲದಲ್ಲಿ ಈ ರಗಳೆ ಇರಲಿಲ್ಲ. ನಾನು ಬಂದ ದಾರಿಯನ್ನೇ ನಿಮಗೂ ತೋರಿಸಿದರೆ ಮೋಸ ಮಾಡಿದಂತಾಗುತ್ತದೆ.

ಎಡಿಟರ್ ಕುರ್ಚಿಯ ಬಗ್ಗೆಯೂ ಒಂದು ಲೆಕ್ಕ ತಿಳಿದಿರಲಿ. ಇಲ್ಲಿನ ನಿರ್ಮಾಪಕನಿಗೆ ಕೆನಡಾದ ಚಿತ್ರ ಅಂತ ತೆರಿಗೆ ರಿಯಾಯಿತಿ ಬೇಕಾದರೆ 10ಕ್ಕೆ ಕನಿಷ್ಠ 6 ಅಂಕ ಬರಬೇಕು. ನಿರ್ದೇಶಕರಿಗೆ 2, ಬರಹಗಾರರಿಗೆ 2, ಎಡಿಟರ್‌ಗೆ 1, ಹೀಗೆ. ಆ ಅಂಕ ಸಿಗುವುದು ಎಡಿಟರ್ ಇಲ್ಲಿನ ಪ್ರಜೆಯೋ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಇರುವವರೋ ಆಗಿದ್ದರೆ ಮಾತ್ರ. ಅಂದರೆ ಪಿಆರ್ ಸಿಗುವ ತನಕ ನಿಮ್ಮ ಕೈಚಳಕ ಎಷ್ಟೇ ಇರಲಿ, ನಿಮ್ಮನ್ನು ಎಡಿಟರ್ ಮಾಡಿದರೆ ಅವರಿಗೆ ಒಂದು ಅಂಕ ಖೋತಾ. ಅಮೆರಿಕದ ದೊಡ್ಡ ಶೋಗಳು ಇಲ್ಲೇ ಶೂಟ್ ಆಗುತ್ತವೆ, ನಿಜ. ಆದರೆ ಅವುಗಳ ಎಡಿಟಿಂಗ್ ಎಷ್ಟೋ ಸಲ ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತದೆ. ಹಾಗಾಗಿ ಮೊದಲ ಕೆಲವು ವರ್ಷ ಅಸಿಸ್ಟೆಂಟ್ ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ. ನನಗೆ ಎಡಿಟರ್ ಅಂತ ಹೆಸರು ಬರಲು ಒಂಬತ್ತು ವರ್ಷ ಹಿಡಿಯಿತು. ಹೆಮ್ಮೆ ಇದೆ, ಸುಳ್ಳು ಯಾಕೆ ಹೇಳಲಿ.

ಈಗ ನೀವು ಕೇಳದೇ ಇದ್ದದ್ದು.

ನಮ್ಮ ಕಡೆ ಸೆಟ್ಟಿನ ಧ್ವನಿಗೆ ಎಷ್ಟು ಬೆಲೆ ಅಂತ ನಿಮಗೆ ಗೊತ್ತು. ಪೈಲಟ್ ಟ್ರ್ಯಾಕ್. ತುಟಿ ಕೂಡಿಸಲು ಇದ್ದರೆ ಸಾಕು, ಆಮೇಲೆ ಹೇಗೂ ಡಬ್ಬಿಂಗ್ ಇದೆ. ಹಿಂದೆ ಜನರೇಟರ್ ಗುಯ್ಯೆನ್ನುತ್ತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈಗೀಗ ಸೆಟ್ಟಿನ ಧ್ವನಿಯನ್ನೇ ಬಳಸುವ ಸಿಂಕ್ ಸೌಂಡ್ ಸಿನಿಮಾ ಬರುತ್ತಿವೆ, ಆದರೆ ನಾನು ಕಲಿತದ್ದು ಆ ಹಳೇ ಶಾಲೆಯಲ್ಲಿ. ಇಲ್ಲಿ ಸೆಟ್ಟಿನಲ್ಲಿ ಹಿಡಿದ ಧ್ವನಿಯೇ ತೆರೆಗೆ ಹೋಗುತ್ತದೆ. ಕೋಲಿಗೆ ಕಟ್ಟಿ ತಲೆಯ ಮೇಲೆ ಹಿಡಿಯುವ ಬೂಮ್ ಮೈಕಿಗೆ ಒಂದು ಟ್ರ್ಯಾಕು, ಪ್ರತಿ ನಟರ ಬಟ್ಟೆಯೊಳಗಿನ ಮೈಕಿಗೆ ಒಂದೊಂದು ಟ್ರ್ಯಾಕು, ಎಲ್ಲ ಬೆರೆಸಿದ ಮಿಕ್ಸ್ ಇನ್ನೊಂದು. ಒಂದು ಟೇಕಿಗೆ ಏಳೆಂಟು ಟ್ರ್ಯಾಕ್ ಇರುತ್ತವೆ. ಎಲ್ಲವೂ ಕೊನೆಯ ತನಕ ದಾರ ಕಡಿಯದೆ ಬರಬೇಕು.

ನನ್ನ ಮೊದಲ ದೊಡ್ಡ ಕೆಲಸ ಒಂದು ಟಿವಿ ಸರಣಿ. ಇಬ್ಬರು ಅಸಿಸ್ಟೆಂಟುಗಳು, ನಾನು ಮತ್ತು ನನಗಿಂತ ಚಿಕ್ಕವಳಾದ ಒಬ್ಬ ಹುಡುಗಿ. ಸರದಿಯಲ್ಲಿ ರಾತ್ರಿ ಪಾಳಿ. ಆ ದಿನದ ಚಿತ್ರಕ್ಕೂ ಧ್ವನಿಗೂ ಸಿಂಕ್ ಮಾಡಿ, ಅಂದರೆ ಒಂದಕ್ಕೊಂದು ಕೂಡಿಸಿ, ಬೆಳಿಗ್ಗೆ ಎಡಿಟರ್ ಬರುವಷ್ಟರಲ್ಲಿ ಬಿನ್‌ಗಳನ್ನು, ಅಂದರೆ ಪ್ರಾಜೆಕ್ಟಿನ ಒಳಗಿನ ಫೋಲ್ಡರುಗಳನ್ನು, ಸಿದ್ಧ ಇಡಬೇಕು. ಮೊದಲ ದಿನ ಎಡಿಟರ್ ಅರ್ಧ ಗಂಟೆ ವಿವರಿಸಿದರು. ಅರ್ಧಕ್ಕರ್ಧ ತಿಳಿಯಲಿಲ್ಲ. 'ಅರ್ಥ ಆಯಿತಾ' ಅಂದರು. ದೊಡ್ಡವರ ಮುಂದೆ ನಾವು ಏನು ಹೇಳುತ್ತೇವೆ? ಹೂಂ ಅಂದೆ.

ಟೈಮ್‌ಲೈನ್ ಚೊಕ್ಕಟವಾಗಿ ಕಾಣಲಿ ಅಂತ ಮಿಕ್ಸ್ ಟ್ರ್ಯಾಕ್ ಒಂದನ್ನೇ ಇಟ್ಟುಕೊಂಡು ಸಿಂಕ್ ಮಾಡಿ, ಹೊಸ ಫೈಲುಗಳಾಗಿ ತೆಗೆದೆ. ಎಂಟು ರಾತ್ರಿ. ಮೂಲ ಫೈಲಿನ ಹೆಸರೂ, ಪ್ರತಿ ಫ್ರೇಮಿನ ಸಮಯ ಹೇಳುವ ಟೈಮ್‌ಕೋಡೂ ಅಲ್ಲಿಗೆ ಕಳೆದುಹೋದವು. ಎಡಿಟರ್ ಕಟ್ ಮಾಡುವಾಗ ಏನೂ ಗೊತ್ತಾಗಲಿಲ್ಲ, ಮಾತು ಕೇಳಿಸುತ್ತಿತ್ತಲ್ಲ. ಪಿಕ್ಚರ್ ಲಾಕ್ ಆಗಿ, ಅಂದರೆ ಇನ್ನು ಕಟ್ ಬದಲಾಗದು ಅಂತ ತೀರ್ಮಾನವಾಗಿ, ಆ ಕಟ್ಟಿನ ವಿವರ ಹೊತ್ತ ಎಎಎಫ್ ಫೈಲು ಸೌಂಡ್‌ನವರ ಕೈಗೆ ಹೋದಾಗ ಗುಟ್ಟು ಹೊರಬಿತ್ತು. ಬಾಗಿಲು ಬಡಿದ ಸದ್ದಿನ ಕೆಳಗೆ ಹೂತುಹೋದ ಮಾತನ್ನು ಎತ್ತಲು ಅವರಿಗೆ ನಟಿಯ ಮೈಕಿನ ಟ್ರ್ಯಾಕ್ ಬೇಕಿತ್ತು. ಅಲ್ಲಿಂದ ಅದಕ್ಕೆ ಹೋಗುವ ದಾರಿಯೇ ಇರಲಿಲ್ಲ. ಒಂದೊಂದು ಟೇಕನ್ನೂ ಕಿವಿಯಲ್ಲಿ ಕೇಳಿ, ಸೌಂಡ್ ರಿಪೋರ್ಟ್ ಹಿಡಿದು ಮೂಲ ಹುಡುಕಿ ಜೋಡಿಸಬೇಕಾಯಿತು. ಮೂರು ಹಗಲು, ಮೂರು ರಾತ್ರಿ. ಜೋಡಿಸಿದವನು ನಾನೇ. ಎಲ್ಲರೂ ಬೆನ್ನು ತಟ್ಟಿದರು.

ಯಾಕೆ ತಟ್ಟಿದರು ಗೊತ್ತಾ? ತಪ್ಪು ಅವಳದು ಅಂದುಕೊಂಡಿದ್ದರು. ಅವಳ ಒಪ್ಪಂದ ಅದರ ಹಿಂದಿನ ವಾರವಷ್ಟೇ ಮುಗಿದಿತ್ತು, ಅವಳು ಕೋಣೆಯಲ್ಲಿ ಇರಲಿಲ್ಲ. 'ಇದು ಅವಳ ರಾತ್ರಿಗಳದ್ದು ಅಲ್ವಾ?' ಅಂತ ಎಡಿಟರ್ ಕೇಳಿದರು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಪರದೆ ನೋಡುತ್ತಾ ಸುಮ್ನೆ ಕೂತಿದ್ದೆ. ನನ್ನ ವರ್ಕ್ ಪರ್ಮಿಟ್ ಮುಗಿಯಲು ಏಳು ತಿಂಗಳಿತ್ತು, ಪಿಆರ್ ಅರ್ಜಿಗೆ ಅನುಭವದ ಪತ್ರ ಬೇಕಿತ್ತು. ಇದು ಕಾರಣ, ಸಮಜಾಯಿಷಿ ಅಲ್ಲ. ಮುಂದಿನ ಸೀಸನ್‌ಗೆ ನನ್ನನ್ನು ಕರೆದರು. ಅವಳನ್ನು ಕರೆಯಲಿಲ್ಲ. ಆಮೇಲೆ ಅವಳ ಹೆಸರನ್ನು ಎಷ್ಟೋ ಚಿತ್ರಗಳ ಕೊನೆಯಲ್ಲಿ ಹುಡುಕಿದ್ದೇನೆ. ಈಗಲೂ ಹೆಸರುಗಳು ಓಡುವಾಗ ಮನೆಯವರು ಎದ್ದು ಹೋಗುತ್ತಾರೆ, ನಾನು ಕೂತಿರುತ್ತೇನೆ. ಸಿಕ್ಕಿಲ್ಲ.

ಅರ್ಥ ಆಗದಿದ್ದರೆ ಮೊದಲ ದಿನವೇ ಕೇಳಿ. ಇಲ್ಲಿ ಕೇಳಿದವನನ್ನು ಯಾರೂ ದಡ್ಡ ಅನ್ನುವುದಿಲ್ಲ, ಎರಡನೇ ವಾರ ಕೇಳಿದರೆ ಮಾತ್ರ ಹುಬ್ಬೇರಿಸುತ್ತಾರೆ. ಯಾವ ಟ್ರ್ಯಾಕನ್ನೂ ಬಿಡಬೇಡಿ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದನ್ನೂ ಬರೆದುಕೊಳ್ಳಿ. ನಮ್ಮ ಟಿವಿಯ 25 ಇಲ್ಲಿಲ್ಲ, 23.976 ಮತ್ತು 29.97 ಇವೆ. 29.97ರಲ್ಲಿ ಡ್ರಾಪ್ ಫ್ರೇಮ್ ಅಂದಾಗ ಗಾಬರಿಯಾಗಬೇಡಿ. ಬಿಟ್ಟುಹೋಗುವುದು ಫ್ರೇಮುಗಳಲ್ಲ, ಟೈಮ್‌ಕೋಡಿನ ಎಣಿಕೆಯಲ್ಲಿ ಗಂಟೆಗೆ 108 ಸಂಖ್ಯೆಗಳು ಮಾತ್ರ.

ಕೋರ್ಸಿನ ಸಿಐಪಿ ಕೋಡ್ ಬಂದ ಕೂಡಲೇ ಕಳಿಸಿ, ಪಟ್ಟಿ ಒಟ್ಟಿಗೆ ನೋಡೋಣ. ಬರುವುದೇ ಆದರೆ ನನಗೆ ತಿಂಡಿಗಿಂಡಿ ಬೇಡ. ನಿಮ್ಮ ಎಡಿಟರ್ ಒಪ್ಪಿದರೆ ಡಬ್ಬಿಂಗ್ ಆಗದ ಒಂದು ಕನ್ನಡ ಸೀನು ತನ್ನಿ. ಇಂಗ್ಲಿಷ್ ಮಾತಿನಲ್ಲಿ ನಟ ಎಲ್ಲಿ ಉಸಿರು ತೆಗೆಯುತ್ತಾನೆ ಅಂತ ನಾನು ಇವತ್ತಿಗೂ ಎರಡೆರಡು ಸಲ ಕೇಳಿ ಕಟ್ ಮಾಡುತ್ತೇನೆ. ಕನ್ನಡದಲ್ಲಿ ಕೈಗೆ ತಾನಾಗಿ ಗೊತ್ತಿತ್ತು. ಇನ್ನೂ ಗೊತ್ತಿದೆಯಾ ಅಂತ ನೋಡಬೇಕು. ಜನರೇಟರ್ ಸದ್ದು ಇದ್ದರೂ ಪರವಾಗಿಲ್ಲ.