‘ನಿಮಗೆ ಸರಿ ಕಂಡಷ್ಟು ಕೊಡಿ’

ಮದುವೆಯಾಗಿ ಮುಂಬಯಿಗೆ ಬಂದು ಮೂರು ವರ್ಷವಾಯಿತು, ಕಚೇರಿಯಲ್ಲೂ ಅತ್ತೆಮನೆಯಲ್ಲೂ ಹೂಂಗುಟ್ಟಿ ಸಾಕಾಗಿದೆ, ನಾವು ಇದ್ದ ಹಾಗೆಯೇ ಇದ್ದರೆ ಶಕ್ತಿ ತಾನಾಗಿ ಬರುತ್ತದೆ ಎನ್ನುತ್ತಾರೆ, ಹೌದೇ ಎಂದು ಕೇಳಿದ್ದೀರಿ.

ತಾನಾಗಿ ಬರುವುದಿಲ್ಲ. ನನಗೆ ಹನ್ನೊಂದು ವರ್ಷ ಹಿಡಿಯಿತು, ಅದೂ ನಾಲ್ಕು ರವಿಕೆಗಳ ಲೆಕ್ಕದಲ್ಲಿ.

ನಾನು ಕುಂದಾಪುರದ ಕಡೆಯವಳು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ: ಬ್ಲೌಸು, ಸೀರೆಗೆ ಫಾಲ್, ಪಿಕೊ. ಎಷ್ಟಾಯಿತು ಎಂದು ಯಾರು ಕೇಳಿದರೂ ‘ನಿಮಗೆ ಸರಿ ಕಂಡಷ್ಟು ಕೊಡಿ’ ಎನ್ನುತ್ತಿದ್ದೆ. ಅದನ್ನು ಸೌಜನ್ಯ ಎಂದುಕೊಂಡಿದ್ದೆ. ಅದು ಹೆದರಿಕೆ. ಬೆಲೆ ಹೇಳಿದರೆ ದುಡ್ಡಿನ ಆಸೆಯವಳು ಎಂದಾರು ಎಂಬ ಹೆದರಿಕೆ. ನಮ್ಮವರು ನನ್ನ ಕೆಲಸವನ್ನು ಟೈಮ್‌ಪಾಸ್ ಎನ್ನುತ್ತಿದ್ದರು, ನಾನೂ ಜೊತೆಗೆ ನಗುತ್ತಿದ್ದೆ.

ಒಮ್ಮೆ ಚೌತಿಯ ಹಿಂದಿನ ದಿನ ಕೆಳಮಹಡಿಯವರೊಬ್ಬರು ನಾಲ್ಕು ಲೈನಿಂಗ್ ಬ್ಲೌಸು ಒಯ್ಯಲು ಬಂದರು. ಲೈನಿಂಗ್ ಬಟ್ಟೆಯನ್ನು ದಾದರಿನ ಹಿಂದ್‌ಮಾತಾ ಬಟ್ಟೆ ಮಾರುಕಟ್ಟೆಯಿಂದ ನಾನೇ ತಂದಿದ್ದೆ. ರಾತ್ರಿ ಒಂದು ಗಂಟೆಯವರೆಗೆ ಕೂತು ಹುಕ್ಕು ಹಾಕಿದ್ದೆ. ಅವರು ಐನೂರರ ಒಂದು ನೋಟನ್ನು ಮಿಷನ್ನಿನ ಮೇಲಿಟ್ಟರು. ಟೇಪು ಇನ್ನೂ ನನ್ನ ಕೊರಳಲ್ಲೇ ಇತ್ತು. ಅದರ ಎರಡೂ ತುದಿ ಹಿಡಿದುಕೊಂಡು, ‘ಸಾವಿರದ ನಾನೂರು ಆಗುತ್ತದೆ’ ಎಂದೆ. ಅವರು ಸುಮ್ಮನಾದರು. ಬಟ್ಟೆಯ ಬೆಲೆ, ನೂಲಿನ ಬೆಲೆ, ರಿಕ್ಷಾ ಬಾಡಿಗೆ ಎಂದು ಸಮಜಾಯಿಷಿ ಕೊಡಲು ನಾಲಿಗೆ ತುರಿಸುತ್ತಿತ್ತು. ಕೊಡಲಿಲ್ಲ. ಹಣ ಎಣಿಸಿಟ್ಟು ಹೋದರು, ಮತ್ತೆ ಬರಲಿಲ್ಲ. ಆ ತಿಂಗಳು ಇನ್ನೊಬ್ಬರೂ ಬಿಟ್ಟುಹೋದರು. ಉಳಿದವರು ಈಗ ಬೆಲೆ ಕೇಳಿಯೇ ಬಟ್ಟೆ ಕೊಡುತ್ತಾರೆ.

ಇದೇ ಮುಂಬಯಿಯ ರಖ್ಮಾಬಾಯಿಯವರ ಕಥೆ ಕೇಳಿರಬಹುದು. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆ. ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗುವುದಿಲ್ಲ ಎಂದರು, ಅವನು ದಾವೆ ಹೂಡಿದ. 1887ರಲ್ಲಿ ಬಾಂಬೆ ಹೈಕೋರ್ಟು ಒಟ್ಟಿಗೆ ಬಾಳು, ಇಲ್ಲವೇ ಆರು ತಿಂಗಳು ಜೈಲು ಎಂದಾಗ, ಜೈಲೇ ಆಗಲಿ ಎಂದರು. ಮರುವರ್ಷ ಗಂಡನಿಗೆ ಎರಡು ಸಾವಿರ ರೂಪಾಯಿ ಸಂದು ರಾಜಿಯಾಯಿತು. ರಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, ಸೂರತ್, ರಾಜಕೋಟ್‌ಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ಕೊಡುತ್ತ ದುಡಿದರು.

ಎಲ್ಲರೂ ಎತ್ತಿ ಹೇಳುವುದು ಆ ಜೈಲಿನ ಮಾತನ್ನು. ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. 1885ರಲ್ಲಿ ಬಾಲ್ಯವಿವಾಹದ ಬಗ್ಗೆ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಗೆ ಬರೆದಾಗ ಅವರು ತಮ್ಮ ಹೆಸರು ಹಾಕಲಿಲ್ಲ, ‘ಒಬ್ಬ ಹಿಂದೂ ಮಹಿಳೆ’ ಎಂದಷ್ಟೇ ಹಾಕಿದರು. ಹೆಸರು ಮುಚ್ಚಿಟ್ಟ ಮಾತ್ರಕ್ಕೆ ಮಾತು ಸುಳ್ಳಾಗಲಿಲ್ಲವಲ್ಲ! ಹಾಗಾಗಿ ಕಚೇರಿಯಲ್ಲಿ ಒಳಗಿನದನ್ನೆಲ್ಲ ಬಿಚ್ಚಿಟ್ಟರೇ ಪ್ರಾಮಾಣಿಕತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮತ್ತೆ, ರಖ್ಮಾಬಾಯಿಯವರ ಹೆಸರಿನಲ್ಲಿ ತಾಯಿ ಕೊಟ್ಟ ಆಸ್ತಿ ಇತ್ತು. ವೈದ್ಯರಾಗಿದ್ದ ಮಲತಂದೆ, ಬದುಕಿರುವಷ್ಟು ದಿನ, ಬೆನ್ನಿಗಿದ್ದರು. ಅವೆರಡೂ ಇಲ್ಲದಿದ್ದರೆ ಆ ಧೈರ್ಯ ಎಷ್ಟು ದಿನ ಬಾಳುತ್ತಿತ್ತೋ.

ಅದಕ್ಕೇ ಕೇಳುತ್ತೇನೆ: ನಿಮ್ಮ ಸಂಬಳ ಯಾರ ಖಾತೆಗೆ ಹೋಗುತ್ತಿದೆ? ಇಷ್ಟುದ್ದದ ಪ್ರಶ್ನೆಯಲ್ಲಿ ಅದೊಂದನ್ನು ನೀವು ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ, ಹೆಣ್ಣು ತನ್ನ ಕೌಶಲದಿಂದ, ದುಡಿಮೆಯಿಂದ ಗಳಿಸಿದ್ದಕ್ಕೆ ಅವಳೇ ಪೂರ್ಣ ಒಡತಿ. ಪಾಸ್‌ಬುಕ್ ನಿಮ್ಮ ಕಪಾಟಿನಲ್ಲಿರಲಿ.

ಅತ್ತೆಯವರ ಜೊತೆ ಜಗಳ ಬೇಡ. ಹೂಂ ಎನ್ನುವ ಜಾಗದಲ್ಲಿ ‘ಯೋಚಿಸಿ ನಾಳೆ ಹೇಳುತ್ತೇನೆ ಅತ್ತೆ’ ಎಂದು ಒಮ್ಮೆ ಹೇಳಿ ನೋಡಿ. ಆಮೇಲಿನ ಮೌನ ಕಷ್ಟ, ಅದನ್ನು ತುಂಬಲು ಹೋಗಬೇಡಿ. ನಾಳೆ ಹೇಳುವುದು ಹೌದೇ ಆಗಿದ್ದರೂ ಪರವಾಗಿಲ್ಲ.

ನಮ್ಮವರು ಈಗಲೂ ಕೆಲವೊಮ್ಮೆ ಟೈಮ್‌ಪಾಸ್ ಎನ್ನುತ್ತಾರೆ. ನಾನು ನಗುವುದಿಲ್ಲ, ಮಿಷನ್ ತುಳಿಯುತ್ತಿರುತ್ತೇನೆ. ಈಚೆಗೆ ಅವರು ಹೇಳುವುದೂ ಕಡಿಮೆಯಾಗಿದೆ.