ನಂಬರ್ ಸರಿ ಇದೆ, ಬಣ್ಣ ಯಾಕೆ ಕೂಡಲಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲೂ ಮುಕ್ಕಾಲು ಪಾಲು ಒಂದೇ: ಬಟ್ಟೆಯ ಮೇಲೆ ಪುಟ್ಟ ಪುಟ್ಟ ಗುಣಾಕಾರ ಗುರುತು ಹೊಲಿದು ಚಿತ್ರ ಮಾಡುವ ಕ್ರಾಸ್ ಸ್ಟಿಚ್‌ನಲ್ಲಿ, ಒಂದು ಕಂಪನಿಯ ದಾರದ ಬದಲು ಇನ್ನೊಂದರದು ಹಾಕಿದರೆ ಬಣ್ಣ ಯಾಕೆ ಕೂಡುವುದಿಲ್ಲ? ಹೋದ ವರ್ಷ ಉತ್ತರ ಕೊಟ್ಟಿದ್ದೆ, ಅದರ ಹಿಂದಿನ ವರ್ಷವೂ ಕೊಟ್ಟಿದ್ದೆ. ಇನ್ನು ಸಾಕು ಅಂತ ಈಗ ಉದ್ದಕ್ಕೇ ಬರೆಯುತ್ತಿದ್ದೇನೆ. ಐಡಾ ಬಟ್ಟೆ ಅಂದರೇನು, ಆರು ಎಳೆ ಬಿಡಿಸುವುದು ಹೇಗೆ ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರಿಗೆ ಬಣ್ಣದ ತಲೆನೋವು ಶುರುವಾಗಿರುವುದೇ ಇಲ್ಲ.

ಪ್ರಶ್ನೆ: ಮೇಡಂ, ಕ್ರಾಸ್ ಸ್ಟಿಚ್‌ಗೆ ಒಂದು ಗುಲಾಬಿ ಹೂವಿನ ಚಾರ್ಟ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಡಿಎಂಸಿ ಕಂಪನಿಯ ದಾರದ 321, 498, 816, 815 ಅಂತ ನಾಲ್ಕು ಕೆಂಪು. ನಮ್ಮೂರಲ್ಲಿ ಸಿಗುವುದು ಆಂಕರ್ ಕಂಪನಿಯ ದಾರ ಮಾತ್ರ. ನೆಟ್‌ನಲ್ಲಿ ಪಟ್ಟಿ ನೋಡಿ ಸರಿಯಾದ ಆಂಕರ್ ನಂಬರ್‌ಗಳನ್ನೇ ತಂದೆ. ಹೊಲಿದು ಮುಗಿಸಿದರೆ ಹೂವಿಗೆ ಎಸಳೇ ಇಲ್ಲ, ಕೆಂಪು ಮುದ್ದೆ ಆಗಿದೆ. ಅಂಗಡಿಯವರು ಡೂಪ್ಲಿಕೇಟ್ ಕೊಟ್ಟರಾ?

ಉತ್ತರ: ಪಾಪ, ಅಂಗಡಿಯವರನ್ನು ಬಿಡಿ. ತಪ್ಪು ಆ ಪಟ್ಟಿಯದು, ಅದನ್ನು ಪಂಚಾಂಗದ ಹಾಗೆ ನಂಬಿದ ನಿಮ್ಮದೂ ಸ್ವಲ್ಪ.

ಡಿಎಂಸಿ ಫ್ರಾನ್ಸಿನ ಕಂಪನಿ, 1746ರಲ್ಲಿ ಮುಲೂಸ್ ಅನ್ನುವ ಊರಲ್ಲಿ ಶುರುವಾದದ್ದು. ಆಂಕರ್ ಬೇರೆಯೇ ಮನೆ. ಅವರ ಬಣ್ಣ ಅವರದು, ಇವರ ಬಣ್ಣ ಇವರದು. ಡಿಎಂಸಿ ಶೇಡ್ ಕಾರ್ಡಿನಲ್ಲಿ 500 ಬಣ್ಣ ಇವೆ, 2017ರಲ್ಲಿ 1ರಿಂದ 35ರವರೆಗಿನ ನಂಬರ್ ಸೇರಿಸಿದ ಮೇಲಿನ ಲೆಕ್ಕ ಇದು. ಆಂಕರ್‌ನಲ್ಲಿ ನಾನೂರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಐನೂರು ಜನರನ್ನು ನಾನೂರು ಚಿಲ್ಲರೆ ಕುರ್ಚಿಯಲ್ಲಿ ಕೂರಿಸಿದರೆ ಏನಾಗುತ್ತದೆ? ಕೆಲವರು ಒಬ್ಬರ ತೊಡೆ ಮೇಲೊಬ್ಬರು ಕೂರಬೇಕು. ನಿಮ್ಮ ಗುಲಾಬಿಯಲ್ಲಿ ಆದದ್ದೂ ಅದೇ. ಎಷ್ಟೋ ಪಟ್ಟಿಗಳಲ್ಲಿ ಡಿಎಂಸಿ 498ಕ್ಕೂ ಆಂಕರ್ 1005 ಅಂತಿರುತ್ತದೆ, 816ಕ್ಕೂ 1005. 321ಕ್ಕೆ ಒಂದು ಪಟ್ಟಿ 47 ಅನ್ನುತ್ತದೆ, ಇನ್ನೊಂದು 9046 ಅನ್ನುತ್ತದೆ. ನಾಲ್ಕು ಕೆಂಪಿನಲ್ಲಿ ನಡುವಿನ ಎರಡು ಒಂದಾದರೆ ಎಸಳಿನ ಮಡಿಕೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ನಂಬರ್ ಅನ್ನುವುದು ಮನೆ ನಂಬರ್ ಇದ್ದ ಹಾಗೆ, ಬಣ್ಣದ ಅಳತೆ ಅಲ್ಲ. 321ಕ್ಕಿಂತ 498 ಗಾಢ, 498ಕ್ಕಿಂತ 816 ಗಾಢ ಅಂತ ನೋಡಿ ನಂಬರ್ ಏರಿದ ಹಾಗೆ ಬಣ್ಣ ಗಾಢವಾಗುತ್ತದೆ ಅಂದುಕೊಂಡರೆ, ಅಲ್ಲಿಂದ ಮುಂದೆ 815 ಇನ್ನೂ ಗಾಢ, 814 ಅದಕ್ಕಿಂತ ಗಾಢ. ನಂಬರ್ ಇಳಿಯುತ್ತಾ ಹೋಯಿತು ಅಲ್ವಾ? ಪಟ್ಟಿಯಲ್ಲಿ ಕಣ್ಣುಮುಚ್ಚಿ ನಂಬಬಹುದಾದದ್ದು ಕಪ್ಪೊಂದೇ, ಡಿಎಂಸಿ 310ಕ್ಕೆ ಆಂಕರ್ 403.

ಹಾಗಾದರೆ ಮಾಡುವುದೇನು? ಒಂದೊಂದೇ ನಂಬರನ್ನು ಬದಲಿಸಬೇಡಿ, ಆ ಬಣ್ಣದ ಇಡೀ ಗುಂಪನ್ನೇ ಬದಲಿಸಿ. ಚಾರ್ಟ್‌ನಲ್ಲಿ ನಾಲ್ಕು ಮೆಟ್ಟಿಲ ಕೆಂಪಿದೆ ಅಂದರೆ ಆಂಕರ್‌ನಲ್ಲೂ ನಾಲ್ಕು ಮೆಟ್ಟಿಲು ಕಾಣುವ ಕೆಂಪು ಹುಡುಕಿ. ಅವು ಮೂಲದ ಕೆಂಪೇ ಆಗಬೇಕಿಲ್ಲ. ಲಡಿಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡು ಲಡಿ ಒಂದೇ ಬೂದು ಕಂಡರೆ ಹೂವಿನಲ್ಲೂ ಅವು ಒಂದಾಗಿಬಿಡುತ್ತವೆ. ನಡುವಿನ ಮೆಟ್ಟಿಲು ಸಿಗಲೇ ಇಲ್ಲವಾ? ಸೂಜಿಯಲ್ಲೇ ಮಾಡಿಕೊಳ್ಳಿ. 14 ಕೌಂಟ್ ಬಟ್ಟೆಗೆ, ಅಂದರೆ ಅಂಗುಲಕ್ಕೆ 14 ಹೊಲಿಗೆ ಬೀಳುವುದಕ್ಕೆ, ಹೇಗಿದ್ದರೂ ಎರಡು ಎಳೆ ಹಾಕುತ್ತೀರಿ. ಆಂಕರ್ 1005ರ ಒಂದು ಎಳೆ, 815ರ ಜಾಗಕ್ಕೆ ಬರುವ ಆಂಕರ್ 43ರ ಒಂದು ಎಳೆ ಸೇರಿಸಿ ಪೋಣಿಸಿದರೆ ನಿಮಗೆ ಬೇಕಾದ 816ರ ಜಾಗ ತುಂಬುತ್ತದೆ. 47, 1005, ಈ ಮಿಶ್ರಣ, 43. ಹತ್ತಿರದಿಂದ ಚುಕ್ಕೆಚುಕ್ಕೆ ಕಾಣುತ್ತದೆ, ಮಾರು ದೂರ ನಿಂತರೆ ಹೊಸದೊಂದು ಕೆಂಪು.

ಆರಿಸುವುದು ಹಗಲು ಬೆಳಕಿನಲ್ಲಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಆನೆಯೊಂದನ್ನು ಹೊಲಿಯಲು ಸಂಜೆ ಏಳು ಗಂಟೆಗೆ ಅಂಗಡಿಯ ಎಲ್‌ಇಡಿ ಕೆಳಗೆ ಮೂರು ಬೂದು ಲಡಿ ಆರಿಸಿದೆ. ಎಷ್ಟು ಚೆನ್ನಾಗಿ ಕೂಡಿದ್ದವು! ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಒಂದು ಪಾಚಿ ಹತ್ತಿದ ಹಾಗೆ ಹಸಿರು, ಇನ್ನೊಂದು ನೇರಳೆ ಕಡೆಗೆ. ಒಂದು ಬೆಳಕಿನಲ್ಲಿ ಜೋಡಿಯಾದ ಬಣ್ಣ ಇನ್ನೊಂದು ಬೆಳಕಿನಲ್ಲಿ ಜಗಳ ಆಡುತ್ತದೆ. ಅಂಗಡಿಯವರು ಬೈದರೂ ಪರವಾಗಿಲ್ಲ, ಲಡಿ ಹಿಡಿದುಕೊಂಡು ಬಾಗಿಲಿನ ಹೊರಗೆ ಬನ್ನಿ.

ಅಷ್ಟು ಮಾಡಿಯೂ ಬಣ್ಣ ಬೇರೆ ಕಂಡರೆ ಪಕ್ಕದಲ್ಲಿ ಯಾವ ಬಣ್ಣ ಇದೆ ನೋಡಿ. ಪ್ಯಾರಿಸ್‌ನ ಗೋಬ್ಲಾನ್ ಕಾರ್ಖಾನೆಯಲ್ಲಿ ಚಿತ್ರದ ಪರದೆ ನೇಯುತ್ತಿದ್ದರು. 1824ರಲ್ಲಿ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಅಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿಗೆ ಕಸುವೇ ಇಲ್ಲ ಅಂತ ಅವನಿಗೆ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷ ಇರಲಿಲ್ಲ. ನೀಲಿ, ನೇರಳೆಯ ಪಕ್ಕ ಕೂತಿದ್ದಕ್ಕೆ ಆ ಕಪ್ಪು ಮಂಕಾಗಿ ಕಾಣುತ್ತಿತ್ತು. 1839ರಲ್ಲಿ ಅದರ ಮೇಲೆ ದಪ್ಪ ಪುಸ್ತಕವನ್ನೇ ಬರೆದ. ನೀವು ಅದನ್ನು ಓದಬೇಕಿಲ್ಲ. ಬೂದು ದಾರವನ್ನು ಒಮ್ಮೆ ಕಿತ್ತಳೆ ಪಕ್ಕ, ಒಮ್ಮೆ ಹಸಿರಿನ ಪಕ್ಕ ನಾಲ್ಕು ಮನೆ ಹೊಲಿದು ನೋಡಿ. ಮೊದಲನೆಯದು ನೀಲಿ ಕಡೆಗೆ ವಾಲುತ್ತದೆ, ಎರಡನೆಯದು ಕೆಂಪಿನ ಕಡೆಗೆ. ಅದಕ್ಕೇ ಹೇಳುವುದು, ಅಂಚಿನ ಬಟ್ಟೆಯಲ್ಲಿ ಅಕ್ಕಪಕ್ಕದ ಬಣ್ಣದ ಸಮೇತ ಚೂರು ಹೊಲಿದು ನೋಡದೆ ಚಿತ್ರಕ್ಕೆ ಸೂಜಿ ಇಡಬೇಡಿ ಅಂತ. ಯಾರು ಕೇಳುತ್ತಾರೆ!

ಹಾಂ, ಪ್ರತಿ ಕ್ರಾಸ್‌ನ ಎರಡು ಓರೆ ಹೊಲಿಗೆಗಳಲ್ಲಿ ಮೇಲೆ ಬರುವುದು ಎಲ್ಲ ಕಡೆ ಒಂದೇ ದಿಕ್ಕಿಗೆ ಬೀಳಲಿ. ಈ ದಾರಕ್ಕೆ ಹೊಳಪಿದೆ. ಅರ್ಧ ಹೂವಿನಲ್ಲಿ ಮೇಲಿನ ಹೊಲಿಗೆ ಬಲಕ್ಕೆ, ಅರ್ಧದಲ್ಲಿ ಎಡಕ್ಕೆ ವಾಲಿದರೆ ಒಂದೇ ಲಡಿಯ ದಾರವೂ ಎರಡು ಬಣ್ಣ ಕಾಣುತ್ತದೆ. ಆಗಲೂ ಬೈಗುಳ ಅಂಗಡಿಯವರಿಗೇ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೂರು ಬಣ್ಣದ ಪ್ಯಾಕ್ ತುಂಬಾ ಅಗ್ಗಕ್ಕೆ ಬರುತ್ತಿದೆ, ಡಿಎಂಸಿ ನಂಬರೇ ಹಾಕಿದ್ದಾರೆ. ತಗೊಳ್ಳಲಾ?

ಉತ್ತರ: ಬೇಡ. ನಂಬರ್ ಯಾರು ಬೇಕಾದರೂ ಪ್ರಿಂಟ್ ಹಾಕಬಹುದು.

ಪ್ರಶ್ನೆ: ಕೆಂಪು ಬಣ್ಣ ಬಿಡುತ್ತದೆ. ಹೊಲಿಯುವ ಮುಂಚೆ ವಿನೆಗರ್, ಉಪ್ಪು ಹಾಕಿದ ನೀರಲ್ಲಿ ನೆನೆಸಿದರೆ ಬಣ್ಣ ಕೂರುತ್ತದಂತೆ?

ಉತ್ತರ: ಅಂತೆ! ವಿಡಿಯೊ ಮಾಡುವವರು ಇದನ್ನೇ ಹೇಳಿ ಎಷ್ಟು ಜನರ ಕೆಲಸ ಹಾಳು ಮಾಡಿದ್ದಾರೋ. ವಿನೆಗರ್ ಉಣ್ಣೆ, ರೇಷ್ಮೆಗೆ ಬಣ್ಣ ಹಾಕುವಾಗ ಬೇಕಾಗುವ ಹುಳಿ. ಉಪ್ಪು ಹತ್ತಿಗೆ ಬಣ್ಣ ಹಾಕುವ ತೊಟ್ಟಿಯಲ್ಲಿ ಕೆಲಸಕ್ಕೆ ಬರುತ್ತದೆ. ಲಡಿಯಾಗಿ ಮನೆಗೆ ಬಂದ ಹತ್ತಿ ದಾರಕ್ಕೆ ಇವೆರಡೂ ಏನೂ ಮಾಡುವುದಿಲ್ಲ. ಬಿಡುತ್ತಿರುವುದು ಮೇಲೆ ಉಳಿದ ಹೆಚ್ಚಿನ ಬಣ್ಣ, ಅದು ಹೋಗಬೇಕು. ಅನುಮಾನ ಇರುವ ದಾರವನ್ನು ತಣ್ಣೀರಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒತ್ತಿ, ಕಲೆ ಬೀಳುವುದು ನಿಂತ ಮೇಲೆ ಹೊಲಿಯಿರಿ. ಹೊಲಿದ ಮೇಲೆ ಬಿಟ್ಟರೆ ಒಣಗಲು ಬಿಡಬೇಡಿ, ಹಿಂಡಬೇಡಿ, ನೀರು ತಿಳಿಯಾಗುವ ತನಕ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಅಪ್ಪಿತಪ್ಪಿಯೂ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ.

ಪ್ರಶ್ನೆ: ಮೊಮ್ಮಗನ ಫೋಟೊವನ್ನು ಆಪ್‌ಗೆ ಹಾಕಿದೆ, 87 ಬಣ್ಣದ ಚಾರ್ಟ್ ಕೊಟ್ಟಿದೆ. ಎಲ್ಲ ಕೊಳ್ಳಬೇಕಾ?

ಉತ್ತರ: ಆಪ್‌ಗೆ ಮೊಮ್ಮಗ ಗೊತ್ತಿಲ್ಲ, ನಿಮಗೆ ಗೊತ್ತು. 25ಕ್ಕೆ ಇಳಿಸಿ, ಮುಖಕ್ಕೆ ಮಾತ್ರ ಜಾಸ್ತಿ ಬಣ್ಣ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಉತ್ತರ ಕರ್ನಾಟಕದ ಕಸೂತಿಯ ಮೆಂತೆ ಹೊಲಿಗೆಯೂ ಕ್ರಾಸ್ ಸ್ಟಿಚ್ಚೇ ಅಲ್ವಾ? ಕಪ್ಪು ಚಂದ್ರಕಾಳಿ ಸೀರೆ ಮೇಲಿನ ತೇರಿಗೆ ಇದೇ ರೀತಿ ನಾಲ್ಕು ಶೇಡ್ ಕೆಂಪು ಹಾಕಬಹುದಾ?

ಉತ್ತರ: ಹೊಲಿಗೆ ಒಂದೇ, ಲೆಕ್ಕ ಬೇರೆ. ಕಸೂತಿಯ ತೇರು, ಗೋಪುರ, ಆನೆ ಎಲ್ಲ ನೆರಳಿಲ್ಲದ ಚಪ್ಪಟೆ ಬಣ್ಣದಲ್ಲಿ ಎದ್ದು ಕಾಣಬೇಕು. ಕಪ್ಪಿನ ಮೇಲೆ 815 ಹಾಕಿದರೆ ನಾಲ್ಕು ಹೆಜ್ಜೆ ದೂರಕ್ಕೆ ನಿಮ್ಮ ತೇರಿನ ಗಾಲಿಯೇ ಮಾಯ. ಬಿಳಿ, ಕೇಸರಿ, ಹಸಿರು ಹಾಕಿ. ಕೆಂಪೇ ಬೇಕು ಅಂದರೆ ಒಂದೇ ಕೆಂಪು, ಅದೂ ನಿಮ್ಮ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ತಿಳಿಯಾದದ್ದು.