ಪ್ಯಾರಾಗ್ಲೈಡರ್‌ನ ಒಂದು ಬದಿ ಮಡಚಿಕೊಂಡು ಸುತ್ತತೊಡಗಿದರೆ, ರಿಸರ್ವ್ (ತುರ್ತು ಪ್ಯಾರಾಚೂಟ್) ಎಸೆಯುವ ಮೊದಲು ಎಷ್ಟು ಸಲ ಬಿಡಿಸಲು ನೋಡಬೇಕು?

ಈ "ಎಷ್ಟು ಸಲ" ಅನ್ನುವ ಲೆಕ್ಕದಲ್ಲೇ ನಾನು ಬೆನ್ನುಮೂಳೆ ಮುರಿದುಕೊಂಡೆ. ಮೂರು ಸಲ ಎಳೆದಿದ್ದೆ, ನಾಲ್ಕನೆಯದಕ್ಕೆ ಬಿಡಿಸಿಕೊಳ್ಳುತ್ತದೆ ಅಂತ ನಂಬಿದ್ದೆ.

ನೆಲದಿಂದ ಹೆಚ್ಚೆಂದರೆ 250 ಮೀಟರ್ ಎತ್ತರ. ಥರ್ಮಲ್‌ನ (ಮೇಲೇರುವ ಬಿಸಿಗಾಳಿಯ) ಅಂಚಿನಿಂದ ಹೊರಬೀಳುತ್ತಿದ್ದಂತೆ ಎಡಗೈಯಲ್ಲಿದ್ದ ಬ್ರೇಕ್ (ರೆಕ್ಕೆಯ ಹಿಂದಂಚನ್ನು ಎಳೆಯುವ ಹಗ್ಗ) ಒಮ್ಮೆಲೇ ಹಗುರಾಯಿತು, ಬಾವಿಗೆ ಇಳಿಬಿಟ್ಟ ಹಗ್ಗದಿಂದ ಕೊಡ ಕಳಚಿಬಿದ್ದ ಹಾಗೆ. ತಲೆಯೆತ್ತಿದರೆ ರೆಕ್ಕೆಯ ಎಡ ಅರ್ಧ ಜೋತುಬಿದ್ದಿದೆ, ಅದರ ತುದಿ ಲೈನ್‌ಗಳ (ರೆಕ್ಕೆಯ ಹಗ್ಗಗಳ) ನಡುವೆ ಸಿಕ್ಕಿಕೊಂಡಿದೆ. ಕ್ರವ್ಯಾಟ್ ಅನ್ನುವುದು ಇದಕ್ಕೇ.

ನಾನು ಮಾಡಿದ ತಪ್ಪು ಇಷ್ಟೆ: ಮಡಚಿದ ಬದಿಯನ್ನೇ ನೋಡುತ್ತಾ ಅದನ್ನೇ ರಿಪೇರಿ ಮಾಡಲು ಹೊರಟೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅರ್ಧ ಮಡಚಿದರೂ ಉಳಿದರ್ಧ ಹಾರುತ್ತಲೇ ಇರುತ್ತದೆ. ಮಡಚಿದ ಬಟ್ಟೆ ಗಾಳಿಗೆ ಅಡ್ಡ ನಿಂತು ಎಳೆಯುವುದರಿಂದ ಗ್ಲೈಡರ್ ಆ ಕಡೆಗೆ ತಿರುಗುತ್ತದೆ. ಹಾಗಾಗಿ ಮೊದಲ ಕೆಲಸ ದಿಕ್ಕು ಹಿಡಿಯುವುದು. ಮೈಭಾರವನ್ನು ಹಾರುತ್ತಿರುವ ಬದಿಗೆ ಹಾಕಬೇಕು, ಆ ಬದಿಯ ಬ್ರೇಕನ್ನು ತಿರುಗುವುದು ನಿಲ್ಲುವಷ್ಟೇ ಎಳೆಯಬೇಕು. ಜಾಸ್ತಿ ಎಳೆದರೆ ಹಾರುತ್ತಿರುವ ಅರ್ಧವೂ ಸ್ಟಾಲ್ ಆಗುತ್ತದೆ, ಅಂದರೆ ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತದೆ. ದಿಕ್ಕು ಕೈಗೆ ಬಂದ ಮೇಲೆ ಮಡಚಿದ ಬದಿಯ ಬ್ರೇಕನ್ನು ಉದ್ದಕ್ಕೆ ಎಳೆದು ಮತ್ತೆ ಸಡಿಲಿಸುವುದು, ತುದಿ ಸಿಕ್ಕಿಕೊಂಡಿದ್ದರೆ ಆ ತುದಿಗೆ ಹೋಗುವ ಸ್ಟಾಬಿಲೋ ಲೈನ್ ಹಿಡಿದು ಜಗ್ಗುವುದು. ನಾನು ಎರಡನೆಯದನ್ನು ಮೊದಲು ಮಾಡಿದೆ. ಎರಡನೇ ಸುತ್ತಿಗೆ ಮೈ ಹೊರಕ್ಕೆ ಎಸೆದಂತಾಗಿ ಸೀಟಿಗೆ ಒತ್ತಿಕೊಂಡಿತು. ಬಲಕ್ಕೆ ವಾಲೋಣವೆಂದರೆ ಸೊಂಟ ಕದಲಲಿಲ್ಲ. ಏರಿಳಿತವನ್ನು ಸದ್ದಿನಲ್ಲಿ ತಿಳಿಸುವ ವೇರಿಯೋ ಒಂದೇ ಸಮನೆ ಊಳಿಡುತ್ತಿತ್ತು. ಆಗಲೂ "ಇನ್ನೊಂದು ಸಲ" ಅಂದುಕೊಂಡೆ.

ಅಂಥ ಸುತ್ತಿನಲ್ಲಿ ಸೆಕೆಂಡಿಗೆ 15 ಮೀಟರ್ ಇಳಿಯುವುದು ದೊಡ್ಡ ಮಾತಲ್ಲ. ಹತ್ತು ಸೆಕೆಂಡಿಗೆ 150 ಮೀಟರ್. ನನ್ನ ಒಂದೊಂದು "ಇನ್ನೊಂದು ಸಲ"ಕ್ಕೂ ಎಷ್ಟು ಎತ್ತರ ಖರ್ಚಾಯಿತು ಅಂತ ನೀವೇ ನೋಡಿ. ಕೊನೆಗೆ ರಿಸರ್ವ್‌ನ ಹಿಡಿಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಹಾರ್ನೆಸ್‌ನ (ನಾವು ಕೂರುವ ಆಸನದ) ಬಟ್ಟೆ. ಕಣ್ಣಿಟ್ಟು ಹುಡುಕಿ ಎಸೆಯುವಷ್ಟರಲ್ಲಿ ಮರದ ತುದಿಗಳು ಪಕ್ಕದಲ್ಲೇ ಇದ್ದವು. ರಿಸರ್ವ್ ತೆರೆದುಕೊಂಡಿತು, ಆದರೆ ಕಾಲೂರಲು ಸಮಯ ಸಿಗದೆ ಕುಂಡೆಯ ಮೇಲೆ ಬಿದ್ದೆ. ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ಮೊದಲ ಮೂಳೆ (ಎಲ್‌1) ಬಿರುಕುಬಿಟ್ಟು ಮೂರು ತಿಂಗಳು ಬೆನ್ನಿಗೆ ಬೆಲ್ಟ್.

ಹಾಗಾಗಿ ಸಲಗಳನ್ನು ಎಣಿಸುವುದನ್ನೇ ಬಿಡಿ ಅನ್ನುತ್ತೇನೆ. ದಿಕ್ಕು ನಿಮ್ಮ ಕೈಯಲ್ಲಿದೆಯೇ, ಕೆಳಗೆ ಎತ್ತರ ಇದೆಯೇ? ಎರಡರಲ್ಲಿ ಒಂದಕ್ಕೆ "ಇಲ್ಲ" ಅಂತ ಬಂದರೂ ಎಸೆಯಿರಿ. ರಿಸರ್ವ್ ಎಸೆದರೆ ಪೈಲಟ್ ಸೋತ ಹಾಗೆ ಅನ್ನುವ ಮಾತನ್ನು ಯಾರು ಹೇಳಿದರೂ ಕೇಳಬೇಡಿ. ಇಎನ್ 12491 ಮಾನದಂಡದ ಪ್ರಕಾರ ರಿಸರ್ವ್ ಇಳಿಯುವ ವೇಗ ಸೆಕೆಂಡಿಗೆ 5.5 ಮೀಟರ್ ಮೀರುವಂತಿಲ್ಲ. ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಧುಮುಕಿದಷ್ಟೇ ಪೆಟ್ಟು. ಎಸೆದ ಮೇಲೆ ಎತ್ತರ ಉಳಿದಿದ್ದರೆ ಹಿಂದಿನ ರೈಸರ್‌ಗಳನ್ನೋ (ಲೈನ್‌ಗಳನ್ನು ಹಾರ್ನೆಸ್‌ಗೆ ಜೋಡಿಸುವ ಪಟ್ಟಿಗಳು) ಬ್ರೇಕ್‌ಗಳನ್ನೋ ಒಳಕ್ಕೆ ಎಳೆದು ಗ್ಲೈಡರನ್ನು ಸುಮ್ಮನಾಗಿಸಿ, ಇಲ್ಲದಿದ್ದರೆ ಅದು ರಿಸರ್ವ್‌ಗೆ ಎದುರಾಗಿ ಎಳೆಯುತ್ತದೆ. ಪಾದ ಜೋಡಿಸಿ, ಮಂಡಿ ತುಸು ಮಡಿಸಿ ಇಳಿಯಿರಿ.

ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ. ಇಂಥ ತುರ್ತು ಸ್ಥಿತಿಗಳನ್ನು ಬೇಕೆಂದೇ ಮಾಡಿಸಿ ಕಲಿಸುವ ಎಸ್‌ಐವಿ ಕೋರ್ಸನ್ನು ನೀರಿನ ಮೇಲೆ ಮಾಡಿ. ಅದಕ್ಕೂ ಮೊದಲು ಹಾರ್ನೆಸನ್ನು ಗಟ್ಟಿ ಕೊಂಡಿಗೆ ತೂಗುಹಾಕಿ ಕುಳಿತು, ಕೈಗವಸು ಹಾಕಿ, ಕಣ್ಣು ಮುಚ್ಚಿ ಹಿಡಿ ಹುಡುಕಿ ನೋಡಿ. ನಾನು ಹೀಗೆ ಕುಳಿತು ನೋಡಿದ್ದು ಬೆಲ್ಟ್ ಬಿಚ್ಚಿದ ಮೇಲೆ. ಕೆಂಪು ಹಿಡಿ ನನ್ನ ಕೈ ಹೋಗುವ ಜಾಗಕ್ಕಿಂತ ನಾಲ್ಕು ಬೆರಳು ಹಿಂದಿತ್ತು.